ಆರನೇ ನಂಬರಿನ ಸೆಟ್

ಜನವರಿ 29, 2007, ಸೋಮವಾರ

ಬ್ಯಾಟರಿ ಡೀಲರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಅಲಮಾರಿಯ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಇವತ್ತು ತೆಗೆದೆ. ದಿನವಿಡೀ ವಾಕಿಟಾಕಿಗಳ ಗೊರಗೊರ ಕೇಳಿ ಕಮಲಾಪುರಕ್ಕೆ ಬಂದು ಇಳಿದರೆ ಮನೆಯಲ್ಲಿ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ. 'ಗಣಿಗೆ ಹೋದ ಮ್ಯಾಲ ನೀವು ಮೂಗರಾಗೀರಿ ನೋಡ್ರಿ' ಎನ್ನುತ್ತಾಳೆ ಗಂಗೋತ್ರಿ. ಹೆಂಡತಿಯ ಮುಂದೆ ಬೈಯಲಾಗದವರನ್ನು ಇಲ್ಲಿ ಬೈದು ಹಗುರಾಗುವುದೆಂದು ತೀರ್ಮಾನಿಸಿದ್ದೇನೆ.

ಹೊಸಪೇಟೆಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಈಗ ಟೇಪ್ ಕೇಳುವವರೇ ಇಲ್ಲ. ಸಂಡೂರಿನ ಗುಡ್ಡದ ಗಣಿ ಕಂಪನಿಯವರು ವಾಕಿಟಾಕಿ ತರಿಸಿ, ಅವನ್ನು ನೋಡಿಕೊಳ್ಳಲು ಕರೆದಾಗ ಎರಡನೇ ಮಾತಿಲ್ಲದೆ ಶಟರ್ ಎಳೆದು ಬಂದೆ. ಸೆಟ್‌ಗಳೇನೋ ಅಪ್ಪಟ ಚಿನ್ನ. ಹಿಡಿದ ಕೈಗಳಿಗೆ ಮಾತ್ರ ದೇವರೇ ಗತಿ. ಒಬ್ಬ ಏರಿಯಲ್ ಹಿಡಿದು ಕೋಳಿ ನೇತಾಡಿಸಿದ ಹಾಗೆ ನೇತಾಡಿಸಿಕೊಂಡು ಬರುತ್ತಾನೆ. ಇನ್ನೊಬ್ಬ ಬಾಯೊಳಗೇ ತುರುಕಿಕೊಂಡು ಕಿರುಚುತ್ತಾನೆ, ಉಗುಳೆಲ್ಲ ಮೈಕಿನ ಜಾಲರಿಗೆ.

ಜನರ ಹೆಸರು ನನಗೆ ನೆನಪಿರುವುದಿಲ್ಲ, ಇರಬೇಕೆಂದೂ ಇಲ್ಲ. ಪ್ರತಿ ಸೆಟ್ಟಿನ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದೇನೆ. ಎರಡು ಎಂದರೆ ಸೂಪರ್‌ವೈಸರು. ಆರು ಎಂದರೆ ಗುಡ್ಡದ ತುದಿಯಲ್ಲಿ ಬಾವುಟ ಹಿಡಿದು ಲಾರಿ ಬಿಡುವ ಹೆಂಗಸು. ಏಳು, ತಳದ ಗೇಟಿನವನು. ಹನ್ನೊಂದು, ಹಾಡಿನ ಹುಚ್ಚಿನ ಒಬ್ಬ ಟಿಪ್ಪರ್ ಡ್ರೈವರ್. ಇಷ್ಟು ಸಾಕು.

ಆಫೀಸಿನವರಿಗೆ ಕುರ್ಚಿ ಹಾಕಿ ತರಬೇತಿ ಕೊಡಿಸಿದರು. ಬಾವುಟದವರಿಗೂ ಗೇಟಿನವರಿಗೂ ನಾನು ನಿಂತಲ್ಲೇ ಎರಡು ಮಾತು ಹೇಳಿದೆ. ಮೊದಲು ಕೇಳು, ಆಮೇಲೆ ಒತ್ತು. ಇನ್ನೊಬ್ಬರು ಮಾತಾಡುತ್ತಿದ್ದರೆ ಮುಗಿಯುವ ತನಕ ಕಾಯಿ. ಆರನೇ ನಂಬರಿನವಳು ಅದನ್ನು ಪಾಠ ಒಪ್ಪಿಸುವವಳಂತೆ ತಿರುಗಿ ಹೇಳಿ ತೋರಿಸಿದಳು. ಉಳಿದವರು ಬೀಡಿ ಹಚ್ಚಿದರು.

ಫೆಬ್ರವರಿ 6, ಮಂಗಳವಾರ

ಇವತ್ತು ನನ್ನ ಸೆಟ್‌ಗಳ ಕೀರ್ತಿ ಹೆಚ್ಚಿತು. ಅದಿರು ತುಂಬಿದ ಲಾರಿ ಗುಡ್ಡದಿಂದ ಇಳಿಯುವ ದಾರಿ ಇಕ್ಕಟ್ಟು, ಒಂದು ಗಾಡಿಗಷ್ಟೇ ಜಾಗ, ನಡುವೆ ಕುರುಡು ತಿರುವು. ತುದಿಯಲ್ಲಿ ಆರು, ತಳದಲ್ಲಿ ಏಳು. ತುದಿಯ ಕೂಗು ತಳಕ್ಕೆ ಮುಟ್ಟುವುದಿಲ್ಲವೆಂದು, ಮೇಲಿನ ಸುದ್ದಿ ಕೆಳಕ್ಕೆ ದಾಟಿಸಲು ತಿರುವಿನ ಬಂಡೆಯ ಮೇಲೆ ಸೀಟಿ ಹಿಡಿದ ಒಬ್ಬ ಮೊದಲಿಂದ ನಿಲ್ಲುತ್ತಿದ್ದ. ಮ್ಯಾನೇಜರು ನನ್ನನ್ನು ಕರೆದು, 'ತುದಿಯಿಂದ ತಳಕ್ಕ ಸೆಟ್ ಚೊಲೋ ಕೇಳಸ್ತದೇನು?' ಎಂದು ಕೇಳಿದರು. ಮಾತಾಡಿಸಿ ತೋರಿಸಿದೆ, ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ಪಷ್ಟ. 'ಹಂಗಾರ ನಡುವ ಮನುಷ್ಯ ಯಾಕ ಬೇಕು?' ಎಂದರು. ಬಂಡೆಯ ಮೇಲಿದ್ದವನನ್ನು ತಳದ ಗೇಟಿಗೆ ಇಳಿಸಿದರು. ಅವನೇ ಈಗ ಏಳನೇ ನಂಬರು. ಹಳೆಯ ಗೇಟಿನವನನ್ನು ಮನೆಗೆ ಕಳಿಸಿದರು.

ನನಗೆ ಹೆಮ್ಮೆಯೇ ಆಯಿತು.

ಮಧ್ಯಾಹ್ನ ಬ್ಲಾಸ್ಟಿಂಗ್. ಬಂಡೆ ಸಿಡಿಸುವಾಗ ಮದ್ದು ಹೊತ್ತಿಸುವ ಕ್ಯಾಪಿಗೆ ವೈರು ಕಟ್ಟಿರುತ್ತಾರೆ, ಹತ್ತಿರದಲ್ಲಿ ಸೆಟ್ಟಿನ ಗುಂಡಿ ಒತ್ತಿದರೆ ಅದರ ಅಲೆಗೇ ಕ್ಯಾಪು ಸಿಡಿಯಬಹುದು. ಆದ್ದರಿಂದ ಸೈರನ್ನಿಗೆ ಮೊದಲು ನಾನು ಡಬ್ಬ ಹಿಡಿದು ಓಡಾಡಿ ಅಲ್ಲಿದ್ದವರ ಸೆಟ್ ಎಲ್ಲ ಆರಿಸಿ ಕಿತ್ತುಕೊಳ್ಳಬೇಕು. ಮಕ್ಕಳ ಕೈಯಿಂದ ಪೆಪ್ಪರಮೆಂಟು ಕಿತ್ತುಕೊಂಡರೂ ಇಷ್ಟು ಮುಖ ಸಿಂಡರಿಸಲಾರರು.

ಫೆಬ್ರವರಿ 17, ಶನಿವಾರ

ಧೂಳು. ಕೆಂಪು ಧೂಳು. ಅನ್ನದಲ್ಲಿ, ಕಿವಿಯಲ್ಲಿ, ಗಂಗೋತ್ರಿ ಒಗೆದು ಹಾಕಿದ ಬನಿಯನ್ನಿನಲ್ಲಿ. ಮೂರು ಸೆಟ್‌ಗಳ ಸ್ಪೀಕರು ಗೊಗ್ಗರಾಗಿವೆ. ದಿನಾ ಸಂಜೆ ಒಣ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜುತ್ತೇನೆ, ಬ್ಯಾಟರಿಯ ಹಿತ್ತಾಳೆ ಮುಖಗಳನ್ನು ಬಟ್ಟೆಯಿಂದ ಒರೆಸಿ ಚಾರ್ಜಿಗೆ ಕೂರಿಸುತ್ತೇನೆ.

ಈ ಮಹಾನುಭಾವರು ಅದಕ್ಕೊಂದು ಉಪಾಯ ಹುಡುಕಿದ್ದಾರೆ. ಖಾಲಿ ಹಾಲಿನ ಪಾಕೀಟು ತೊಳೆದು ಸೆಟ್ಟಿಗೆ ತೊಡಿಸುವುದು, ಮೇಲೆ ಸೈಕಲ್ ಟ್ಯೂಬು ಕತ್ತರಿಸಿದ ರಬ್ಬರಿನ ಪಟ್ಟಿ ಬಿಗಿಯುವುದು. ಒಬ್ಬರನ್ನು ನೋಡಿ ಒಬ್ಬರು. ನಾನು ಸಂಜೆ ಕಿತ್ತು ಎಸೆಯುತ್ತೇನೆ, ಬೆಳಿಗ್ಗೆ ಮತ್ತೆ ಹೊಸ ಪಾಕೀಟು. ಒಳಗೆ ಸೆಟ್ಟು ಬೆವರುತ್ತದೆ, ಬ್ಯಾಟರಿ ಕಾಯುತ್ತದೆ, ಎಲ್ಲಕ್ಕಿಂತ ದೊಡ್ಡ ಪೀಡೆ, ರಬ್ಬರು ಸರಿದರೆ ಮಾತಿನ ಗುಂಡಿಯ ಮೇಲೇ ಕೂರುತ್ತದೆ. ಒಂದು ಸೆಟ್ಟಿನ ಗುಂಡಿ ಒತ್ತಿಕೊಂಡೇ ಇದ್ದರೆ ಉಳಿದವರೆಲ್ಲ ಕಿವುಡರು, ಮೂಗರು.

ಇವತ್ತು ಅದೇ ಆಯಿತು. ಹನ್ನೊಂದನೇ ನಂಬರಿನ ಗುಂಡಿ ರಬ್ಬರಿನಡಿ ಸಿಕ್ಕಿ, ಅವನು ಟಿಪ್ಪರಿನಲ್ಲಿ ಒಬ್ಬನೇ ಹಾಡಿಕೊಂಡದ್ದೆಲ್ಲ ಇಡೀ ಗುಡ್ಡಕ್ಕೆ ಪ್ರಸಾರವಾಯಿತು. ಅಪಶ್ರುತಿ ಎಂದರೆ ಅಪಶ್ರುತಿ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ಗುಡಿಸಲಿಗೆ ಬಂದು ತಲೆ ಕೆರೆದುಕೊಂಡು ನಕ್ಕ. 'ಇನ್ನೊಂದ ಹಾಡ್ಲೇನ್ರಿ?' ಎಂದ. ನಾನು ನಗಲಿಲ್ಲ. ಮ್ಯಾನೇಜರ ಬಳಿ ಹೋಗಿ, ಚರ್ಮದ ಕವರು ತರಿಸಿದರೆ ಈ ಪಾಕೀಟು ತಪ್ಪುತ್ತದೆ ಎಂದೆ. ಬರುವ ಖರೀದಿಯಲ್ಲಿ ನೋಡೋಣ ಎಂದರು.

ಮಾರ್ಚ್ 2, ಶುಕ್ರವಾರ

ಆರನೇ ನಂಬರಿನ ಬ್ಯಾಟರಿ ಬದಲಿಸಲು ತುದಿಗೆ ಹೋಗಿದ್ದೆ. ಅವಳ ಸೆಟ್ಟಿಗೆ ಪಾಕೀಟಿಲ್ಲ! ಸೀರೆಯ ಸೆರಗಿನ ತುದಿಯಲ್ಲಿ ಸುತ್ತಿ ಸೊಂಟದಲ್ಲಿ ಇಟ್ಟುಕೊಳ್ಳುತ್ತಾಳೆ, ಮಾತು ಬಂದಾಗ ಬಿಚ್ಚಿ ಕಿವಿಗೆ ಹಿಡಿಯುತ್ತಾಳೆ. ಇಡೀ ಗಣಿಯಲ್ಲಿ ನನ್ನ ಮಾತು ಕೇಳುವವಳು ಇವಳೊಬ್ಬಳೇ.

'ನೀವು ಬ್ಯಾಡ ಅಂದ್ರಲ್ಲ ತಮ್ಮಾ, ಅದಕ್ಕ ಕಟ್ಟಿಲ್ಲ' ಎಂದಳು. ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ. 'ತಿನ್ರಿ, ಮಣ್ಣು ಬೀಳೂದ್ರಾಗ.' ಕೆಳಗೆ ನೋಡಿದರೆ ಗೇಟು, ಕ್ಯಾಂಟೀನು, ನನ್ನ ಗುಡಿಸಲು ಎಲ್ಲ ಬೆಂಕಿಪೆಟ್ಟಿಗೆಯಷ್ಟು. ಗೇಟಿನ ಪಕ್ಕದಲ್ಲಿ ಬ್ರೇಕು ಹೋದ ಲಾರಿ ನುಗ್ಗಿ ನಿಲ್ಲಲೆಂದು ಸಡಿಲ ಮಣ್ಣಿನ ದಿಬ್ಬ ಮಾಡಿದ್ದಾರೆ. ಅದರ ಬಾಯಿ ಯಾವಾಗಲೂ ಖಾಲಿ ಇರಬೇಕು. ಸಾಲು ಬೆಳೆದಾಗ ಯಾರೋ ಒಬ್ಬ ತನ್ನ ಗಾಡಿ ಅಲ್ಲೇ ತಂದು ನಿಲ್ಲಿಸುತ್ತಾನೆ. 'ಅಲ್ಲಿ ಗಾಡಿ ಕಂಡ್ರ ನಾ ಸುಮ್ನ ಇರಂಗಿಲ್ಲ. ದಿನಾ ಎರ್ರಿಯಪ್ಪಗ ಹೇಳ್ತೀನಿ, ತಗಸು ಅಂತ' ಎಂದಳು. ಎರ್ರಿಯಪ್ಪ ಎಂದರೆ ಏಳನೇ ನಂಬರು. ಇವಳ ಹೆಸರು ಹೊಳೆಮ್ಮ. ಕೇಳಿರಲಿಲ್ಲ, ಅವಳೇ ಹೇಳಿದಳು.

ಇಳಿದು ಬಂದರೆ ಸೂಪರ್‌ವೈಸರ್ ಮುರುಗೇಶ್, ಎರಡನೇ ನಂಬರು, ತನ್ನ ಸೆಟ್ಟಿಗೆ ಹೊಸ ರಬ್ಬರು ಬಿಗಿಯುತ್ತಾ ಕುಳಿತಿದ್ದ. ಬೈದೆ. 'ಧೂಳು ಕುಂತ್ರ ನಿನ್ನ ಸೆಟ್ ಸಾಯ್ತದ ಜಂಬಣ್ಣ. ನಾ ಅದಕ್ಕ ಅಂಗಿ ಹೊಲಿಸೀನಿ, ಖುಷಿಪಡೂದು ಬಿಟ್ಟು ಬೈತೀಯಲ್ಲ!' ಎಂದು ನಕ್ಕ. ಕೆಟ್ಟವನಲ್ಲ ಅವನು. ಅವನ ಪುಟ್ಟ ಮಗಳಿಗೆ ಹದಿನೈದು ದಿನದಿಂದ ಜ್ವರ ಬಿಟ್ಟಿಲ್ಲವಂತೆ, ಅದನ್ನೇ ಹೇಳುತ್ತಿದ್ದ.

ಮಾರ್ಚ್ 9, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟದ ಹೊತ್ತು. ನಾನು ಗುಡಿಸಲಿನಲ್ಲಿ ಚಾರ್ಜರಿನ ಮುಂದೆ ಕುಳಿತಿದ್ದೆ. ಮೇಜಿನ ಮೇಲಿನ ದೊಡ್ಡ ಸೆಟ್ಟಿನಲ್ಲಿ ಮುರುಗೇಶನ ದನಿ ಶುರುವಾಯಿತು. ನಮ್ಮೊಡನೆ ಮಾತಾಡುತ್ತಿರಲಿಲ್ಲ. ಕ್ಯಾಂಟೀನಿನ ಹತ್ತಿರ ಜೀಪಿನಲ್ಲಿ ಕುಳಿತು ಮೊಬೈಲಿನಲ್ಲಿ ಮಗಳಿಗೆ ಔಷಧಿ ಕುಡಿಯಲು ಪುಸಲಾಯಿಸುತ್ತಿದ್ದ. 'ಶಾಂಭವಿ, ಬಾಯಿ ತೆಗಿ ಬಂಗಾರ, ನೀ ಕುಡದ್ರ ಅಪ್ಪ ಆನಿ ಆಗ್ತಾನ, ಏನಾಗ್ತಾನ?' ಎಂದ, ಆನೆಯ ಹಾಗೆ ಘೀಳಿಟ್ಟ. ಆಮೇಲೆ ಕೋಳಿಯಾದ. ಆಮೇಲೆ ಕತ್ತೆಯಾದ. ರಬ್ಬರು ಗುಂಡಿಯ ಮೇಲೆ ಸರಿದಿದೆ, ಅವನಿಗೆ ಗೊತ್ತಿಲ್ಲ ಎಂದು ನನಗೆ ತಕ್ಷಣ ತಿಳಿಯಿತು.

ತಕ್ಷಣ ಎದ್ದು ಓಡಬೇಕಿತ್ತು. ನಾನು ನಕ್ಕೆ. ಯಾವತ್ತೂ ನಗದ ನಾನು ನಕ್ಕೆ. ಹೊರಗೆ ಲಾರಿ ಸಾಲಿನಲ್ಲಿ ಡ್ರೈವರುಗಳು ನಗುವುದು ಕೇಳುತ್ತಿತ್ತು. ಗೇಟಿನ ಎರ್ರಿಯಪ್ಪನೂ ಸೆಟ್ಟು ಕಿವಿಗೆ ಹಿಡಿದು ನಗುತ್ತಿದ್ದ. ದಿಬ್ಬದ ಬಾಯಲ್ಲಿ ಟಿಪ್ಪರ್ ನಿಲ್ಲಿಸಿಕೊಂಡಿದ್ದ ಹನ್ನೊಂದನೇ ನಂಬರು ಉಜ್ಜಿನಪ್ಪ, 'ಮಗ್ನ, ನಿನ್ನ ಕತ್ತಿಗಿಂತ ನನ್ನ ಹಾಡ ಪಾಡಿತ್ತಲೇ' ಎಂದು ಕ್ಯಾಬಿನ್ನಿನಿಂದ ಕೂಗಿದ. ಅದು ನಾನು ಕೇಳಿದ ಅವನ ಕೊನೆಯ ಮಾತು.

ನಾನು ಚಹ ಮುಗಿಸಿ, ಮುರುಗೇಶನಿಗೆ ಹೇಳೋಣವೆಂದು ಜೀಪಿನ ಕಡೆ ನಡೆದೆ. ಅರ್ಧ ದಾರಿಯಲ್ಲಿ ಮೇಲಿನಿಂದ ಹಾರನ್ನು, ಬಿಡದೆ. ತಿರುವಿನಿಂದ ಲಾರಿ ಬಂದದ್ದು ಕಂಡೆ. ಬ್ರೇಕಿಲ್ಲದೆ, ದಿಬ್ಬವನ್ನೇ ನೆಚ್ಚಿಕೊಂಡು ಬಂದಿತು. ದಿಬ್ಬದ ಬಾಯಲ್ಲಿ ಉಜ್ಜಿನಪ್ಪನ ಟಿಪ್ಪರ್ ಇತ್ತು.

ಇಳಿದು ಬಂದ ಲಾರಿಯ ಡ್ರೈವರು ಕಾಲು ಮುರಿದುಕೊಂಡು ಉಳಿದ. ಉಜ್ಜಿನಪ್ಪ ಉಳಿಯಲಿಲ್ಲ.

ಹೊಳೆಮ್ಮ ಕೆಂಪು ಬಾವುಟ ಹಿಡಿದು ಗುಡ್ಡದಿಂದ ಓಡಿ ಬಂದಳು, ಬರಿಗಾಲಲ್ಲಿ, ಮಂಡಿಯೆಲ್ಲ ರಕ್ತ. 'ಕೂಗಿದ್ನಲ್ರೋ, ಕೂಗಿದ್ನಲ್ರೋ' ಎಂದಷ್ಟೇ ಹೇಳುತ್ತಿದ್ದಳು. ಯಾರೂ ಅವಳ ಮುಖ ನೋಡಲಿಲ್ಲ. ಮುರುಗೇಶ್ ಜೀಪಿನಿಂದ ಇಳಿದು ಬಂದ. ಅವನ ಕೈಯಲ್ಲಿ ಸೆಟ್ಟಿತ್ತು, ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಾನು ಅದನ್ನು ಕಿತ್ತುಕೊಂಡು ರಬ್ಬರು ಹರಿದೆ. ಆಮೇಲಷ್ಟೇ ಎಲ್ಲ ಸೆಟ್‌ಗಳೂ ಒಮ್ಮೆಗೇ ಸುಮ್ಮನಾದವು.

ಮಾರ್ಚ್ 10, ಶನಿವಾರ

ಮ್ಯಾನೇಜರು ಕರೆಸಿದರು. ಪೊಲೀಸರ ಮುಂದೆ ಹೇಳಿಕೆ ಕೊಡಬೇಕಂತೆ. 'ಕೇಳಿದ್ದಕ್ಕಷ್ಟ ಉತ್ರ ಕೊಡು ಜಂಬುನಾಥ್. ಆರನೇ ನಂಬರಿನ ಸೆಟ್ ಚಾಲೂ ಇತ್ತೋ ಇಲ್ಲೋ?'

'ಇತ್ರಿ. ಆದ್ರ ಆವತ್ತು ಎರಡನೇ...'

'ನನಗೂ ಕಿವಿ ಅದಾವಪ್ಪ. ನಾನೂ ಕೇಳೀನಿ.' ಅವರು ಎದ್ದು ಬಾಗಿಲು ಮುಚ್ಚಿದರು. 'ಎರಡನೇ ಸೆಟ್ಟಿನ ಮಾತು ಬಂತಂದ್ರ ಕವರ್ ಯಾಕ ತರಿಸಲಿಲ್ಲ ಅಂತಾರ. ನಡುವಿನ ಮನುಷ್ಯಾನ್ನ ಯಾಕ ತಗದ್ರಿ ಅಂತಾರ. ಗಣಿ ಬಂದ್ ಮಾಡಸ್ತಾರ. ನೀನೂ ಮನಿಗಿ, ನಾನೂ ಮನಿಗಿ, ಇಷ್ಟೂ ಮಂದಿ ಮನಿಗಿ.'

ಆರನೇ ನಂಬರಿನ ಸೆಟ್ ಪರೀಕ್ಷಿಸಿದ್ದೇನೆ, ಸುಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟೆ. ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮಾರ್ಚ್ 11, ಭಾನುವಾರ

ಒಂದಕ್ಷರವೂ ಸುಳ್ಳಿಲ್ಲ.

ಮಾರ್ಚ್ 14, ಬುಧವಾರ

ಹೊಳೆಮ್ಮನನ್ನು ಠಾಣೆಗೆ ಕರೆದೊಯ್ದು ಸಂಜೆ ಬಿಟ್ಟರು. ಸೆಟ್ ಸರಿಯಿದ್ದರೂ ಸುದ್ದಿ ಮುಟ್ಟಿಸಲಿಲ್ಲ, ಅವಳ ನಿರ್ಲಕ್ಷ್ಯದಿಂದ ಸಾವು ಎಂದು ಕೇಸು. ಕೆಲಸದಿಂದಲೂ ತೆಗೆದಿದ್ದಾರೆ. ಓದು ಬಾರದವಳ ಕೈಗೆ ಮಷೀನು ಯಾಕೆ ಕೊಟ್ಟರೋ ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದರು. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನೇ ಅಂದ. ನಾನು ತಟ್ಟೆ ಬಿಟ್ಟು ಎದ್ದೆ.

ಟಿಪ್ಪರಿನ ಅವಶೇಷದಲ್ಲಿ ಉಜ್ಜಿನಪ್ಪನ ಸೆಟ್ಟು ಸಿಕ್ಕಿತು. ಏರಿಯಲ್ ಬಾಗಿದೆ, ಅಷ್ಟೆ. ಬ್ಯಾಟರಿ ಹಾಕಿದರೆ ಮಾತಾಡುತ್ತದೆ. ಒರೆಸಿಟ್ಟೆ.

ಮಾರ್ಚ್ 21, ಬುಧವಾರ

ಹಬ್ಬ ಬಂತು, ಹೋಯಿತು. ಗಂಗೋತ್ರಿ ಬೇವು ಬೆಲ್ಲ ಅಂಗೈಗೆ ಹಾಕಿದಳು, ಬರೀ ಬೇವೇ ಬಾಯಿಗೆ ಸಿಕ್ಕಿತು.

'ಏನಾಗೇತ್ರಿ ನಿಮಗ?' ಎಂದಳು.

ಏನಿಲ್ಲ ಎಂದೆ. ಬುಕ್ಕಸಾಗರದಲ್ಲಿ ಉಜ್ಜಿನಪ್ಪನ ಮನೆಯಂತೆ. ಹೋಗಿ ಬರಬೇಕೆಂದು ಹೊರಟು, ಊರ ಬಾಗಿಲಲ್ಲಿ ಬಸ್ಸಿನಿಂದ ಇಳಿಯದೆ ಮುಂದಿನ ಊರಿಗೆ ಟಿಕೇಟು ತೆಗೆಸಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವಾಪಸು ಬಂದೆ.

ಮಾರ್ಚ್ 25, ಭಾನುವಾರ

ಹೊಳೆಮ್ಮ ನಮ್ಮ ಮನೆಗೆ ಬಂದಿದ್ದಳು. ಯಾರನ್ನು ಕೇಳಿ ಹುಡುಕಿಕೊಂಡು ಬಂದಳೋ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಗಂಗೋತ್ರಿ, 'ಒಳಗ ಬರ್ರಿ ಅಕ್ಕ, ಕುಂದ್ರಿ' ಎಂದು ಎಷ್ಟು ಕರೆದರೂ ಎದ್ದು ಬರಲಿಲ್ಲ.

ಕೆಲಸ ಕೊಡಿಸು ಎನ್ನಲು ಬಂದಿರಬೇಕು, ಇಲ್ಲವೆ ಬೈಯಲು ಬಂದಿರಬೇಕು ಎಂದುಕೊಂಡೆ. ಎರಡಕ್ಕೂ ಉತ್ತರ ಹೊಂದಿಸಿಕೊಂಡೆ. ಅವಳು ಕೇಳಿದ್ದು ಬೇರೆ.

'ತಮ್ಮಾ, ಗಾಡಿ ಬ್ರೇಕ್ ಹೋಗಿ ನನ್ನ ಮುಂದಾಸಿ ಹ್ವಾತು. ಡ್ರೈವರ ಕೂಗಿ ಹೇಳಿದ. ನಾ ಸೆರಗು ಬಿಚ್ಚಿ ಸೆಟ್ ಕಿವಿಗೆ ಹಿಡಿದೆ. ಸಾಹೇಬ್ರು ಮಾತಾಡಾಕತ್ತಿದ್ರು. ನೀವು ಹೇಳಿದ್ರಿ, ಇನ್ನೊಬ್ರು ಮಾತಾಡೂ ಮುಂದ ಕಾಯಬೇಕು ಅಂತ. ನಾ ಕಾದೆ. ಭಾಳ ಹೊತ್ತಲ್ಲ, ಒಂದ ಉಸಿರು. ಆಮ್ಯಾಲ ತಡೀಲಾರದ ಒತ್ತಿ ಕೂಗಿದೆ. ಉಜ್ಜಿನಪ್ಪನ ಹೆಸರು ಹಿಡದು ಕೂಗಿದೆ, ಗಾಡಿ ತಗೀಯಪ್ಪ, ಸರೀಯಪ್ಪ ಅಂತ. ಅಂವ ಅಲ್ಲೇ ನಿಂತಿದ್ದ.' ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. 'ಆ ಒಂದ ಉಸಿರು ಕಾಯದಿದ್ರ ಅಂವ ಉಳೀತಿದ್ನೇನು? ಅಷ್ಟ ಹೇಳು. ಬ್ಯಾರೆ ಏನೂ ಬ್ಯಾಡ ನನಗ.'

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಕಾದರೂ ಅಷ್ಟೇ, ಕಾಯದಿದ್ದರೂ ಅಷ್ಟೇ ಅಕ್ಕ. ಎರಡು ಸೆಟ್ಟು ಒಮ್ಮೆಗೇ ಒತ್ತಿದರೆ ಹತ್ತಿರದ್ದೇ ಗೆಲ್ಲುತ್ತದೆ. ಗೇಟಿಗೆ ಹತ್ತಿರ ಮುರುಗೇಶನ ಜೀಪು, ನೀನು ಗುಡ್ಡದ ತುದಿ. ನಿನ್ನ ದನಿ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಇಷ್ಟು ಹೇಳಿದರೆ ಎರಡನೇ ನಂಬರಿನ ಮಾತು ಬರುತ್ತದೆ. ಅವಳು ವಕೀಲನಿಗೆ ಹೇಳುತ್ತಾಳೆ. ನನ್ನ ಸಹಿ ಹೊರಗೆ ಬರುತ್ತದೆ. 'ಗೊತ್ತಿಲ್ಲ' ಎಂದೆ. ದೇವರಾಣೆ, ಹಾಗೇ ಅಂದೆ.

ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಗಂಗೋತ್ರಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. 'ನಿಮಗ ಗೊತ್ತೈತಿ' ಎಂದಳು. ಊಟಕ್ಕೆ ಇಟ್ಟಳು, ತಾನು ಉಣ್ಣಲಿಲ್ಲ.

ಮಾರ್ಚ್ 28, ಬುಧವಾರ

ಬರುವ ವಾರ ಗಣಿ ಸುರಕ್ಷತೆಯ ಅಧಿಕಾರಿಗಳು ಜಾಗ ನೋಡಲು ಬರುತ್ತಾರೆ. ಆವತ್ತು ತುದಿಯಲ್ಲಿ ಹೊಳೆಮ್ಮನನ್ನೇ ನಿಲ್ಲಿಸಿ ಅವಳ ಸೆಟ್ ಪರೀಕ್ಷಿಸುತ್ತಾರಂತೆ. ಪರೀಕ್ಷೆಯಲ್ಲಿ ಸೆಟ್ ಮಾತಾಡೇ ಆಡುತ್ತದೆ. ನಾನು ನೋಡಿಕೊಂಡ ಸೆಟ್ಟು, ಮಾತಾಡದೆ ಏನು. ಮಾತಾಡಿತೆಂದರೆ ಅವಳ ಕಥೆ ಮುಗಿಯಿತು.

ಮುರುಗೇಶನನ್ನು ಹುಡುಕಿಕೊಂಡು ಹೋದೆ. ಸ್ಟೋರಿನ ಹಿಂದೆ ಕುಳಿತಿದ್ದ. ಗಡ್ಡ ಬಿಟ್ಟಿದ್ದಾನೆ. ಸೆಟ್ ಮುಟ್ಟುವುದನ್ನೇ ಬಿಟ್ಟಿದ್ದಾನೆ, ಬೆಳಿಗ್ಗೆ ತೆಗೆದುಕೊಂಡು ಸಂಜೆ ಹಾಗೇ ತಂದಿಡುತ್ತಾನೆ.

'ಮಗಳು ಹ್ಯಾಂಗದಾಳ?' ಎಂದೆ.

'ಜ್ವರ ಬಿಟ್ಟಾವ.' ಆಮೇಲೆ, 'ಆವತ್ತ ಬಿಟ್ಟು ನೋಡು, ಆ ಸಂಜೀನ ಬಿಟ್ಟು' ಎಂದ. 'ಅಕಿ ಹೆಸರು ಇದ್ರಾಗ ಬರೂದು ಬ್ಯಾಡ ಜಂಬಣ್ಣ. ನಾಳೆ ದೊಡ್ಡಾಕಿ ಆಗಿ ಕೇಳ್ತಾಳ. ನಾ ಔಷಧಿ ಕುಡಿಲಿಲ್ಲಂತ ಒಬ್ಬಾಂವ ಸತ್ತ ಅಂತಾಳ.'

ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊಳೆಮ್ಮ ಕೇಳಿದ್ದನ್ನು ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಅವನು ಮುಖ ಮುಚ್ಚಿಕೊಂಡ. ಎದ್ದು ಬಂದೆ.

ಏಪ್ರಿಲ್ 4, ಬುಧವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಅಧಿಕಾರಿ ವಯಸ್ಸಾದವರು, ಮಾತು ಕಡಿಮೆ. ಗೇಟು ನೋಡಿದರು, ದಿಬ್ಬ ನೋಡಿದರು. ಎರ್ರಿಯಪ್ಪ ಹೊಳೆಮ್ಮನನ್ನು ತುದಿಗೆ ಕರೆದುಕೊಂಡು ಹೋದ. ಹೊರಡುವ ಮುನ್ನ ಸೆಟ್ಟು ಕೊಟ್ಟಾಗ ಅವಳು ಮುಟ್ಟಲು ಹೆದರಿದಳು. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಎರಡು ಸಲ ಕರೆಯಬೇಕಾದೀತು ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದೆ. 'ಮೊದ್ಲು ಸುಮ್ನ ಮಾತಾಡು. ನಾ ಕೆಳಗ ಕೆಂಪು ಬಾವುಟ ಎತ್ತಿದಾಗ, ಆವತ್ತ ಕೂಗಿದಂಗ ಕೂಗಕ್ಕ.' ಅವಳು ನನ್ನ ಮುಖ ನೋಡಿದಳು.

'ಮ್ಯಾಲಿಂದ ಹೊಳೆಮ್ಮ ಮಾತಾಡಾಕತ್ತೀನ್ರಿ. ಕೇಳಸ್ತದೇನ್ರಿ?'

ಎಲ್ಲರ ಸೆಟ್ಟಿನಲ್ಲೂ ಸ್ಪಷ್ಟವಾಗಿ ಕೇಳಿಸಿತು. ಮ್ಯಾನೇಜರು, 'ನೋಡಿದ್ರಲ್ಲ ಸರ್' ಎಂದರು. ಅಧಿಕಾರಿ ಪೆನ್ನಿನ ಟೋಪಿ ಮುಚ್ಚಿದರು.

'ಸರ್, ಆವತ್ತ ಇದ್ದಂಗ ಇನ್ನೊಂದ ಸಲ ಮಾಡಿ ತೋರಸ್ತೀನಿ' ಎಂದೆ. ಜೇಬಿನಿಂದ ಹಾಲಿನ ಪಾಕೀಟು, ರಬ್ಬರಿನ ಪಟ್ಟಿ ತೆಗೆದೆ. 'ಇದನ್ನ ಎರಡನೇ...' ಎಂದವನು ತಡೆದು, 'ಮುರುಗೇಶನ ಸೆಟ್ಟಿಗೆ ಕಟ್ಟಬೇಕು' ಎಂದೆ.

ಮ್ಯಾನೇಜರು ನನ್ನ ತೋಳು ಹಿಡಿದರು. ಅಧಿಕಾರಿ, 'ಬಿಡಿ, ಮಾಡಲಿ' ಎಂದರು.

ಮುರುಗೇಶ್ ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಕೊಡುವುದಿಲ್ಲ ಅಂದುಕೊಂಡೆ. ಅವನು ಹತ್ತಿರ ಬಂದು ನನ್ನ ಕೈಯಿಂದ ಪಾಕೀಟು ತೆಗೆದುಕೊಂಡ. ತಾನೇ ತೊಡಿಸಿದ, ತಾನೇ ರಬ್ಬರು ಬಿಗಿದ, ಗುಂಡಿಯ ಮೇಲೆ ಸರಿಸಿದ. ಆವತ್ತು ಇದ್ದಲ್ಲಿಗೇ ಜೀಪು ತಂದು ನಿಲ್ಲಿಸಿ, ಅದೇ ಸೀಟಿನಲ್ಲಿ ಕುಳಿತು, ಸೆಟ್ಟನ್ನು ಪಕ್ಕಕ್ಕೆ ಇಟ್ಟುಕೊಂಡ. ಕೆಂಪು ದೀಪ ಹತ್ತಿತು.

ನಾನು ಬಾವುಟ ಎತ್ತಿದೆ.

ನಮ್ಮ ಕೈಯ ಸೆಟ್‌ಗಳಲ್ಲಿ ಮೊದಲು ಅವನ ಉಸಿರು ಬಂತು. ಆಮೇಲೆ, ಸಣ್ಣ ದನಿಯಲ್ಲಿ, 'ಶಾಂಭವಿ, ಬಾಯಿ ತೆಗಿ ಬಂಗಾರ. ನೀ ಕುಡದ್ರ ಅಪ್ಪ ಆನಿ ಆಗ್ತಾನ.' ಘೀಳಿಡಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಹೋದ. ಸಾಲಿನಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರೇ ಇಳಿದು ಬಂದು ನಿಂತರು. ಮೇಲೆ, ಗುಡ್ಡದ ತುದಿಯಲ್ಲಿ, ಹೊಳೆಮ್ಮ ಕಾಣುತ್ತಿದ್ದಳು. ಸೆಟ್ಟು ಬಾಯ ಹತ್ತಿರ, ಇನ್ನೊಂದು ಕೈ ಬೀಸುತ್ತಿದೆ, ಇಡೀ ಮೈ ಬಾಗಿ ಬಾಗಿ ಏಳುತ್ತಿದೆ. ಅವಳ ಒಂದು ಮಾತೂ ನಮಗೆ ಕೇಳಲಿಲ್ಲ. ಅಧಿಕಾರಿ ಪೆನ್ನಿನ ಟೋಪಿ ತೆಗೆದರು.

ನಾನೇ ಹೋಗಿ ರಬ್ಬರು ಬಿಚ್ಚಿದೆ. ಆವತ್ತು ನಾನು, ನಾವೆಲ್ಲರೂ, ಇದನ್ನೇ ಕೇಳಿ ನಗುತ್ತಿದ್ದೆವು ಎಂದು ಅಧಿಕಾರಿಗೆ ಹೇಳಿದೆ. ಮಲ್ಲೇಶ್ ಎಂಬ ಡ್ರೈವರು ಮುಂದೆ ಬಂದು, 'ಹೌದ್ರಿ, ನಾನೂ ನಕ್ಕೀನಿ' ಎಂದ. ಉಳಿದವರು ನೆಲ ನೋಡಿದರು.

ಹೊಳೆಮ್ಮ ಇಳಿದು ಬಂದಳು, ಓಡುತ್ತಾ. ಗಂಟಲು ಹೋಗಿತ್ತು.

'ಕೇಳಿಸ್ತೇನು ತಮ್ಮಾ?'

'ಇಲ್ಲಕ್ಕ. ಕೇಳಿಸ್ಲಿಲ್ಲ.'

'ಈ ಸಲ ನಾ ಕಾಯಲಿಲ್ಲ. ಬಾವುಟ ಕಂಡ ಕೂಡ್ಲೆ ಕೂಗಿದೆ.'

'ಗೊತ್ತಕ್ಕ. ಆದ್ರೂ ಕೇಳಿಸ್ಲಿಲ್ಲ.'

ಅವಳು ಕೆಂಪು ಮಣ್ಣಿನಲ್ಲೇ ಕುಳಿತುಬಿಟ್ಟಳು. ಆವತ್ತಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಇವತ್ತು ಅತ್ತಳು. ಮುರುಗೇಶ್ ಜೀಪಿನಿಂದ ಇಳಿಯಲೇ ಇಲ್ಲ.

ಏಪ್ರಿಲ್ 16, ಸೋಮವಾರ

ನಾಳೆಯಿಂದ ಬರಬೇಡ ಎಂದಿದ್ದಾರೆ. ಬರುತ್ತದೆಂದು ಗೊತ್ತಿದ್ದ ಮಾತೇ. ವರದಿ ಇನ್ನೂ ಬಂದಿಲ್ಲ, ಹೊಳೆಮ್ಮನ ಕೇಸು ಇನ್ನೂ ಇದೆ. ಅವಳ ವಕೀಲರು ನನ್ನನ್ನು ಸಾಕ್ಷಿಗೆ ಕರೆಯುತ್ತಾರಂತೆ, ಬರುತ್ತೇನೆಂದು ಹೇಳಿ ಕಳಿಸಿದ್ದೇನೆ. ಮೊದಲ ಹೇಳಿಕೆ ಯಾಕೆ ಹಾಗೆ ಕೊಟ್ಟೆ ಎಂದು ಕೇಳುತ್ತಾರೆ. ಕೇಳಲಿ. ಮುರುಗೇಶ್ ರಜೆಯ ಮೇಲಿದ್ದಾನೆ. ಚರ್ಮದ ಕವರುಗಳು ಬಂದಿವೆ, ಒಳ್ಳೆಯ ಕವರುಗಳು, ಗುಂಡಿಗೆ ಪ್ರತ್ಯೇಕ ಕಿಂಡಿ ಇದೆ. ತಿರುವಿನ ಬಂಡೆಯ ಮೇಲೆ ಮಾತ್ರ ಇನ್ನೂ ಯಾರೂ ಇಲ್ಲ.

ಮಧ್ಯಾಹ್ನ ನನ್ನ ಜಾಗಕ್ಕೆ ಬಂದವನಿಗೆ ಸೆಟ್‌ಗಳನ್ನು ಒಪ್ಪಿಸಿದೆ. ಕುರೆಕುಪ್ಪದವನು, ಸ್ಟೀಲ್ ಕಾರ್ಖಾನೆಯಲ್ಲಿ ಇಂಥದೇ ಕೆಲಸ ಮಾಡಿದವನಂತೆ, ಚುರುಕಾಗಿದ್ದಾನೆ. ಇದು ಎರ್ರಿಯಪ್ಪನದು, ಬ್ಯಾಟರಿ ಜಲ್ದಿ ಇಳಿಯುತ್ತದೆ. ಇದು ಮಲ್ಲೇಶನದು, ಕೈ ಒದ್ದೆ ಇರುತ್ತದೆ, ದಿನಾ ಒರೆಸು. ಇದು ಹೊಳೆಮ್ಮನದು ಎಂದು ಹೇಳುತ್ತಾ ಹೋದೆ. ಅವನು ಪೆನ್ನು ಹಿಡಿದು, 'ಹೆಸರು ಬ್ಯಾಡ್ರಿ, ನಂಬರು ಹೇಳ್ರಿ' ಎಂದ. ಒಂದೊಂದನ್ನೂ ಬೆನ್ನು ತಿರುಗಿಸಿ ನೋಡಬೇಕಾಯಿತು. ಬಿಳಿ ಬಣ್ಣ ಧೂಳಿಗೆ ಅರ್ಧ ಅಳಿಸಿ ಹೋಗಿದೆ.

ಕೊನೆಗೆ ಉಳಿದದ್ದು ಬಾಗಿದ ಏರಿಯಲ್ಲಿನದು. ಅವನು ಎತ್ತಿ ನೋಡಿದ, ಗುಂಡಿ ಒತ್ತಿ ನೋಡಿದ, ಸರಿಯಿದೆ ಎಂದು ತಲೆಯಾಡಿಸಿದ.

'ಇದು ಯಾರದ್ರಿ?'

'ಉಜ್ಜಿನಪ್ಪನದು.'

'ಯಾವ ಶಿಫ್ಟಿಗೆ ಬರ್ತಾರ್ರಿ ಅವ್ರು?' ಎಂದು ಕೇಳಿ, ಬರೆದುಕೊಳ್ಳಲು ಕಾದು ನಿಂತ.